ಇಂದಿರಾ ಯಾಕೆ ಒಪ್ಪಲಿಲ್ಲ?

ಮೈಸೂರಿನಲ್ಲಿ ನನ್ನದೊಂದು ಪುಟ್ಟ ಲೈಬ್ರರಿ ಇದೆ. ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಹಳೇ ಕಾಲದ ಲೈಬ್ರರಿ. ತ್ರಿವೇಣಿಯವರ ‘ಬೆಳ್ಳಿ ಮೋಡ’ ಓದಿ ವಾಪಸ್ ತರುವವರು ನನ್ನನ್ನು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. “ಅಲ್ಲಾ, ಕೊನೆಗೆ ಅವನ ಮನಸ್ಸು ಬದಲಾಯಿತಲ್ಲ? ಇಂದಿರಾ ಯಾಕೆ ಒಪ್ಪಲಿಲ್ಲ?”

ನಮ್ಮ ಪ್ರತಿಯ ಕೊನೇ ಪುಟದಲ್ಲೂ ಇದೇ ಜಗಳ. ಯಾರೋ ಪೆನ್ಸಿಲಿನಲ್ಲಿ ‘ಪಾಪ, ಮದುವೆ ಆಗಬಹುದಿತ್ತು’ ಅಂತ ಬರೆದಿದ್ದಾರೆ. ಅದರ ಕೆಳಗೆ ನೀಲಿ ಇಂಕಿನಲ್ಲಿ, ಬೇರೆ ಅಕ್ಷರ: ‘ಯಾಕೆ ಆಗಬೇಕು?’ ಮತ್ತೆ ಯಾರೋ ಬಂದು ಆ ನೀಲಿ ಸಾಲಿನ ಕೆಳಗೆ ಎರಡು ಗೆರೆ ಎಳೆದು ಹೋಗಿದ್ದಾರೆ.

ಓದದೇ ಇರುವವರಿಗೆ ಕಥೆ ಇಷ್ಟು. ಇಂದಿರಾ ಎಸ್ಟೇಟ್ ಮಾಲೀಕರ ಒಬ್ಬಳೇ ಮಗಳು. ಮೋಹನ್ ಬುದ್ಧಿವಂತ, ಆದರೆ ಓದಲು ದುಡ್ಡಿಲ್ಲ. ಇಂದಿರಾಳ ಅಪ್ಪನೇ ಅವನನ್ನು ಅಮೆರಿಕಕ್ಕೆ ಓದಲು ಕಳಿಸುತ್ತಾರೆ. ಇಬ್ಬರಿಗೂ ಮದುವೆ ಅಂತ ನಿಶ್ಚಯವಾಗುತ್ತದೆ. ಅವನು ಅಲ್ಲಿರುವಾಗ ಇಲ್ಲಿ ಇಂದಿರಾಳಿಗೆ ಒಬ್ಬ ತಮ್ಮ ಹುಟ್ಟುತ್ತಾನೆ. ಆಸ್ತಿಗೆ ವಾರಸುದಾರ ಬಂದಮೇಲೆ ಮೋಹನನಿಗೆ ಮದುವೆ ಬೇಡವಾಗುತ್ತದೆ. ಮುಂದೆ ಅವನೇ ಕಾಲು ಮುರಿದುಕೊಂಡು ಮಲಗಿದಾಗ ಇಂದಿರಾ ಆರೈಕೆ ಮಾಡುತ್ತಾಳೆ. ಅವನಿಗೆ ತನ್ನ ತಪ್ಪು ಅರಿವಾಗಿ, ಮದುವೆಯಾಗು ಅನ್ನುತ್ತಾನೆ. ಅವಳು ಆಗುವುದಿಲ್ಲ ಅನ್ನುತ್ತಾಳೆ.

1967ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನೇ ಸಿನಿಮಾ ಮಾಡಿದರು. ಕಲ್ಪನಾ ಇಂದಿರಾ ಆಗಿದ್ದರು. ಅದನ್ನು ನೋಡಲು ತ್ರಿವೇಣಿ ಇರಲಿಲ್ಲ. 1963ರಲ್ಲಿ, 35 ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡರು. ಇಂಥ ಪುಸ್ತಕಗಳನ್ನು ‘ಅಡುಗೆಮನೆ ಸಾಹಿತ್ಯ’ ಅಂತ ಕರೆದವರಿದ್ದಾರೆ. ಆ ಮಾತು ಕೇಳಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಸಲೀಸಾಗಿ ಓದಿಸಿಕೊಂಡು ಹೋಗುತ್ತದೆ, ನಿಜ. ಆದರೆ ಒಂದು ಮಗು ಹುಟ್ಟಿದ್ದಕ್ಕೆ ಒಂದು ಮದುವೆ ಮುರಿದುಬೀಳುವ ವಿಷಯವನ್ನು ಅಷ್ಟು ಸಲೀಸಾಗಿ ಬರೆಯುವುದು ಎಲ್ಲರ ಕೈಲಿ ಆಗುವ ಕೆಲಸವಲ್ಲ.

ಈಗ ಪ್ರಶ್ನೆಗೆ ಬರುತ್ತೇನೆ.

“ಕ್ಷಮಿಸಬಹುದಿತ್ತಲ್ವಾ?” ಅನ್ನುತ್ತಾರೆ. ಕ್ಷಮಿಸಿದಳಲ್ಲ! ಕೈಕೊಟ್ಟವನು ಹಾಸಿಗೆ ಹಿಡಿದಾಗ ಪಕ್ಕದಲ್ಲಿ ನಿಂತು ನೋಡಿಕೊಂಡಳು. ಅದಕ್ಕಿಂತ ದೊಡ್ಡ ಕ್ಷಮೆ ಯಾವುದು? ಆದರೆ ಕ್ಷಮಿಸಿದ ಮಾತ್ರಕ್ಕೆ ಮದುವೆಯನ್ನೂ ಆಗಬೇಕು ಅಂತ ಎಲ್ಲಿದೆ?

ಮೋಹನನ ಕಡೆಯಿಂದ ಒಮ್ಮೆ ನೋಡಿ. ಮೊದಲ ಸಲ ಅವಳ ಹಿಂದೆ ಎಸ್ಟೇಟ್ ಕಾಣಿಸಿತು, ಬೇಕು ಅಂದ. ಎರಡನೇ ಸಲ ಅವಳ ಸೇವೆ ಕಂಡಿತು, ಬೇಕು ಅಂದ. ಎದ್ದು ಓಡಾಡಲು ಆಗದಾಗ, ಕರೆದ ತಕ್ಷಣ ಬರುವವರ ಮೇಲೆ ಯಾರಿಗೆ ಪ್ರೀತಿ ಬರುವುದಿಲ್ಲ? ಅವನು ಸುಳ್ಳು ಹೇಳುತ್ತಿದ್ದ ಅಂತ ನಾನು ಹೇಳುವುದಿಲ್ಲ. ಆ ಹೊತ್ತಿಗೆ ಮನಸಾರೆ ಹೇಳಿರಬಹುದು. ಆದರೆ ಇಂದಿರಾಳ ತಲೆಯಲ್ಲಿ ಯಾವ ಅನುಮಾನ ಉಳಿಯುತ್ತದೆ ಯೋಚಿಸಿ. ನಾಳೆ ನನ್ನ ಕಾಲು ಮುರಿದರೆ ಇವನು ಇರುತ್ತಾನಾ? ಬೇರೆಯವರಿಗಾದರೆ ಅದು ಬರೀ ಊಹೆ. ಅವಳು ಉತ್ತರವನ್ನು ಆಗಲೇ ಕಂಡಿದ್ದಳು. ಅವಳ ಕೈಯಿಂದ ಏನೋ ಜಾರಿದ ದಿನವೇ ಅವನು ಹೋಗಿದ್ದ.

ವಯಸ್ಸಾದ ಅಮ್ಮಂದಿರು ಬೇರೆ ಥರ ಕೇಳುತ್ತಾರೆ. “ಹೆಣ್ಣು ಒಂಟಿಯಾಗಿ ಇರೋದು ಹೇಗಮ್ಮಾ?” ಅವರು ಕಂಡುಂಡ ಕಷ್ಟ ಅದು. ಅವರ ಹತ್ತಿರ ನಾನು ವಾದ ಮಾಡುವುದಿಲ್ಲ.

ನನಗೆ ಈ ಕಥೆ ಇಷ್ಟು ಹತ್ತಿರ ಆಗಲು ಇನ್ನೊಂದು ಕಾರಣ ಇದೆ. ನನ್ನ ತಮ್ಮ ಹುಟ್ಟಿದಾಗ ನನಗೆ 15 ವರ್ಷ. ಮಗಳಿಗೆ ಮದುವೆ ಮಾಡುವ ವಯಸ್ಸಲ್ಲಿ ಇದೇನು ಅಂತ ಬೀದಿಯಲ್ಲಿ ಆಡಿಕೊಂಡರು. ಅಮ್ಮ ಎಷ್ಟೋ ತಿಂಗಳು ಕತ್ತಲಾದ ಮೇಲೆಯೇ ಅಂಗಡಿಗೆ ಹೋಗುತ್ತಿದ್ದರು. ಅವನಿಗೆ ಸ್ನಾನ ಮಾಡಿಸಿ, ಸಾಂಬ್ರಾಣಿ ಹೊಗೆ ಹಾಕಿ, ತೊಟ್ಟಿಲು ತೂಗಿದ್ದು ಜಾಸ್ತಿ ನಾನೇ.

ನನಗೆ 22 ಆದಾಗ ಒಂದು ಸಂಬಂಧ ಬಂತು. ಹುಡುಗನ ಕಡೆಯವರು ಕೇಸರಿಬಾತ್ ತಿಂದರು, ಕಾಫಿ ಕುಡಿದರು. ನನ್ನ ತಮ್ಮ ಲೋಟಗಳನ್ನು ಒಂದೊಂದಾಗಿ ಎತ್ತಿಕೊಂಡು ಒಳಗೆ ಇಡುತ್ತಿದ್ದ. ಅವರಲ್ಲಿ ಒಬ್ಬರು ಅವನನ್ನೇ ನೋಡುತ್ತಾ ಅಪ್ಪನನ್ನು ಕೇಳಿದರು, “ಒಬ್ಬಳೇ ಮಗಳು ಅಂದಿದ್ದರಲ್ಲ ಬ್ರೋಕರು?” ಅಪ್ಪ “ಹೌದು, ಮಗಳು ಒಬ್ಬಳೇ” ಅಂದರು. ಊರಿಗೆ ಹೋಗಿ ತಿಳಿಸುತ್ತೇವೆ ಅಂತ ಎದ್ದರು. ಏನೂ ತಿಳಿಸಲಿಲ್ಲ.

ಅವತ್ತು ರಾತ್ರಿ ತಮ್ಮ ನನ್ನ ಪಕ್ಕ ಮಲಗಿ, ಗೋಡೆ ಕಡೆ ಮುಖ ಮಾಡಿಕೊಂಡು ಕೇಳಿದ. “ಅಕ್ಕಾ, ನನ್ನಿಂದಾನಾ?” ಏಳು ವರ್ಷದ ಮಗು. ಅದೆಷ್ಟು ಅರ್ಥವಾಗಿತ್ತೋ. ನನಗೆ ಮಾತೇ ಬರಲಿಲ್ಲ. ಅವನನ್ನು ನನ್ನ ಕಡೆ ತಿರುಗಿಸಿಕೊಂಡು ತಲೆ ಸವರಿದೆ, ಅಷ್ಟೇ.

ಮುಂದೆ ಬೇರೆ ಕಡೆ ಮದುವೆಯಾಯಿತು. ಚೆನ್ನಾಗಿದ್ದೇನೆ.

ಕಾನೂನು ಎಷ್ಟೋ ಬದಲಾಗಿದೆ. ಅಪ್ಪ ಸ್ವಂತ ಸಂಪಾದಿಸಿದ್ದರಲ್ಲಿ, ಉಯಿಲು ಬರೆಯದೆ ಹೋದರೆ, ಮಗಳಿಗೂ ಮಗನಷ್ಟೇ ಪಾಲು ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಆ ಹಕ್ಕು ಕರ್ನಾಟಕದಲ್ಲಿ, ಆಗ ಮದುವೆಯಾಗದ ಹೆಣ್ಣುಮಕ್ಕಳಿಗೆ, 1994ರಲ್ಲಿ ಬಂತು. 2005ರಲ್ಲಿ ಇಡೀ ದೇಶಕ್ಕೇ ತಿದ್ದುಪಡಿ ಬಂತು. ಆದರೂ ಎಷ್ಟೋ ಮನೆಗಳಲ್ಲಿ ಅಕ್ಕತಂಗಿಯರನ್ನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿಸುತ್ತಾರೆ. ಅರಿಶಿನ ಕುಂಕುಮಕ್ಕೆ ಅಂತ ಕೈಗೆ ಒಂದಿಷ್ಟು ದುಡ್ಡು ಇಡುತ್ತಾರೆ.

ಅಪ್ಪ ಅಮ್ಮ ಇಬ್ಬರೂ ಹೋದಮೇಲೆ ನಮ್ಮ ನೆಂಟರೂ ತಮ್ಮನಿಗೆ ಅದನ್ನೇ ಹೇಳಿಕೊಟ್ಟರು. ಅವನು ಸುಮ್ನೆ ಕೇಳಿಸಿಕೊಂಡ. ಆಮೇಲೆ ಹೋಗಿ ಮನೆಯ ಖಾತೆಗೆ ಇಬ್ಬರ ಹೆಸರನ್ನೂ ಹಾಕಿಸಿಕೊಂಡು ಬಂದ. ನನ್ನ ಲೈಬ್ರರಿ ಇರುವುದು ಆ ಮನೆಯ ಮುಂದಿನ ಕೋಣೆಯಲ್ಲೇ. ಅವತ್ತು ಹುಡುಗನ ಕಡೆಯವರೆಲ್ಲ ಕೂತು ಕಾಫಿ ಕುಡಿದ ಕೋಣೆ.

ತಮ್ಮ ಕಾದಂಬರಿ ಓದುವವನಲ್ಲ. ಹೋದ ತಿಂಗಳು ಅದೇನನ್ನಿಸಿತೋ, ‘ಬೆಳ್ಳಿ ಮೋಡ’ ತೆಗೆದುಕೊಂಡು ಹೋದ. ಭಾನುವಾರ ವಾಪಸ್ ತಂದು ಮೇಜಿನ ಮೇಲಿಟ್ಟ. ಇಂದಿರಾ ಯಾಕೆ ಒಪ್ಪಲಿಲ್ಲ ಅಂತ ಇವನೂ ಕೇಳುತ್ತಾನೆ ಅಂದುಕೊಂಡೆ.

“ಅಕ್ಕಾ, ಆ ಮಗು ದೊಡ್ಡವನಾದ ಮೇಲೆ ಅವನಿಗೆ ಇದೆಲ್ಲ ಯಾರಾದರೂ ಹೇಳಿರುತ್ತಾರಾ?” ಅಂದ.

ಇಷ್ಟು ವರ್ಷದಲ್ಲಿ ಆ ಮಾತನ್ನು ಬೇರೆ ಯಾರೂ ಕೇಳಿರಲಿಲ್ಲ.