ಇಪ್ಪತ್ತು ಯಾವ ಸಾಲಿಗೆ?

ನಿನ್ನೆ ರಾತ್ರಿ ಮಗಳ ಒಂಬತ್ತನೇ ತರಗತಿಯ ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಜೊತೆಯಾಗಿ ಕುಳಿತಿದ್ದೆ. ನಲವತ್ತು ವಿದ್ಯಾರ್ಥಿಗಳ ಅಂಕಗಳನ್ನು 10-20, 20-30 ಎಂಬ ವರ್ಗಾಂತರಗಳಲ್ಲಿ ಹಂಚಿ, ನಾಲ್ಕು ಗೀಟುಗಳ ಮೇಲೆ ಐದನೆಯದನ್ನು ಅಡ್ಡಲಾಗಿ ಎಳೆಯುತ್ತಾ ಎಣಿಸುತ್ತಿದ್ದವಳು, 20 ಅಂಕ ಬಂದೊಡನೆ ಪೆನ್ಸಿಲ್ ನಿಲ್ಲಿಸಿ, ಇದು ಯಾವ ಸಾಲಿಗೆ ಸೇರಬೇಕು ಎಂದು ಕೇಳಿದಳು. ಕೆಳಮಿತಿ ಒಳಗೆ, ಮೇಲ್ಮಿತಿ ಹೊರಗೆ ಎಂಬ ನಿಯಮದಂತೆ ಅದು 20-30ಕ್ಕೆ ಸೇರುತ್ತದೆ. ಹೀಗೊಂದು ಕಟ್ಟುಪಾಡು ಇಲ್ಲದಿದ್ದರೆ ಒಂದೇ ಅಂಕ ಎರಡು ಕಡೆ ಎಣಿಕೆಯಾಗಿ ಆವೃತ್ತಿಗಳ, ಅಂದರೆ ಪ್ರತಿ ಸಾಲಿನ ಎಣಿಕೆಗಳ, ಮೊತ್ತ ನಲವತ್ತನ್ನು ಮೀರುತ್ತದೆ.

ಅವಳು ಮಲಗಿದ ಮೇಲೂ ಆ ಪಟ್ಟಿ ನನ್ನ ತಲೆಯಲ್ಲೇ ಉಳಿಯಿತು. ಒಂದು ವರ್ಗಾಂತರದಲ್ಲಿ 20, 21, 21, 22, 23 ಎಂಬ ಐದು ಅಂಕಗಳಿವೆ ಎಂದುಕೊಳ್ಳೋಣ. ಅವುಗಳ ನಿಜವಾದ ಸರಾಸರಿ 21.4, ಆದರೆ ಪಟ್ಟಿಯಿಂದ ಸರಾಸರಿ ತೆಗೆಯುವಾಗ ನಾವು ಐವರಿಗೂ ಮಧ್ಯಬಿಂದುವಾದ 25ನ್ನೇ ಕೊಟ್ಟುಬಿಡುತ್ತೇವೆ. ಹಲವು ವರ್ಗಾಂತರಗಳಲ್ಲಿ ಇಂಥ ಹೆಚ್ಚುಕಡಿಮೆಗಳು ಬಹುಮಟ್ಟಿಗೆ ಸರಿದೂಗುತ್ತವೆ ಎಂಬ ನಂಬಿಕೆಯ ಮೇಲೆ ಈ ಲೆಕ್ಕ ನಿಂತಿದೆ. ನಮ್ಮ ಕಾಲದಲ್ಲಿ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಪಾಸಾಗಲು ನೂರಕ್ಕೆ 35 ಬೇಕಿತ್ತು. 34 ಪಡೆದವನೂ 35 ಪಡೆದವನೂ 30-40ರ ಒಂದೇ ಸಾಲಿನಲ್ಲಿ, ಒಂದೇ ಅಳತೆಯ ಎರಡು ಗೀಟುಗಳಾಗಿ ಅಕ್ಕಪಕ್ಕ ನಿಲ್ಲುತ್ತಿದ್ದರು. ಅದರಲ್ಲಿ 34ರವನು ನಾನೇ ಆಗಿದ್ದೆ ಎಂಬುದನ್ನು ಮಗಳಿಗೆ ಇನ್ನೂ ಹೇಳಿಲ್ಲ.