ತಂತಿ ಎಳೆಯುವ ಮೊದಲೇ ಹೇಳಬೇಕಾದ ಮೊತ್ತ

ಹುಬ್ಬಳ್ಳಿಯಲ್ಲಿ ಮನೆಗಳಿಗೆ ಇಂಟರ್ನೆಟ್ ಸಂಪರ್ಕ ಕೊಡುವ ಸಣ್ಣ ಸಂಸ್ಥೆಯೊಂದರ ಬಿಲ್ ಕೌಂಟರಿನಲ್ಲಿ ನಾನು ಕೆಲಸ ಮಾಡುತ್ತೇನೆ. ತಿಂಗಳ ಮೊದಲ ವಾರ ನನ್ನೆದುರು ನಿಲ್ಲುವವರಲ್ಲಿ ಹೆಚ್ಚಿನವರು ವೇಗ ಸಾಲದೆಂದು ದೂರಲು ಬಂದವರಲ್ಲ. ಕರಪತ್ರದಲ್ಲಿ ಓದಿದ ಮೊತ್ತಕ್ಕೂ ಬಿಲ್ಲಿನ ಮೊತ್ತಕ್ಕೂ ತಾಳೆಯಾಗದೆ ಬಂದವರು.

ವಿದ್ಯಾನಗರದ ನಿವೃತ್ತ ಶಿಕ್ಷಕರೊಬ್ಬರು ಒಂದು ದಿನ ಅವೆರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಒಂದರಲ್ಲಿ ದಪ್ಪ ಅಕ್ಷರಗಳಲ್ಲಿ 499 ರೂಪಾಯಿ, ಇನ್ನೊಂದರಲ್ಲಿ 706 ರೂಪಾಯಿ 82 ಪೈಸೆ. ಬಿಲ್ಲಿನ ಅಂಚಿನಲ್ಲಿ ಪೆನ್ಸಿಲ್‌ನಿಂದ ಲೆಕ್ಕ ಹಾಕಿಯೇ ತಂದಿದ್ದರು: 499ಕ್ಕೆ ಶೇ 18ರ ಜಿಎಸ್‌ಟಿ 89.82 ಕೂಡಿಸಿದರೆ 588.82. ಉಳಿದ 118 ರೂಪಾಯಿಯ ಸುತ್ತ ಒಂದು ವೃತ್ತ ಎಳೆದಿದ್ದರು. "ತೆರಿಗಿ ಸರಕಾರದ್ದು, ಅದಕ್ಕ ನನ್ನ ತಕರಾರಿಲ್ಲ ತಂಗಿ. ಈ ಸಿಪಿಇ ಚಾರ್ಜ್ ಅಂದ್ರ ಏನು? ವೈರ್ ಎಳಿಯೂಕಿಂತ ಮೊದ್ಲ ಯಾಕ ಹೇಳಲಿಲ್ಲ?"

ಅದು ಅವರ ಮನೆಯಲ್ಲಿ ಕೂರಿಸಿದ ರೌಟರಿನ ಬಾಡಿಗೆ. ತಿಂಗಳಿಗೆ 100 ರೂಪಾಯಿ, ಅದರ ಮೇಲೂ ಶೇ 18 ತೆರಿಗೆ. ವರ್ಷಕ್ಕೆ 1,416 ರೂಪಾಯಿ. ಆ ಹಣಕ್ಕೆ ಸಾಧಾರಣ ರೌಟರೊಂದನ್ನೇ ಕೊಳ್ಳಬಹುದು. ಮೊದಲ ಪ್ರಶ್ನೆಗೆ ನಾನು ಇಷ್ಟನ್ನು ವಿವರಿಸಿದೆ. ಎರಡನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಬಿಲ್ಲಿನಲ್ಲಿ ತಪ್ಪು ಲೆಕ್ಕವೇನೂ ಇರಲಿಲ್ಲ; ಸಂಪರ್ಕ ಮಾರುವಾಗ ಬಾಯಿಬಿಡದೆ ಉಳಿಸಿದ ಮಾತಿಗೆ ಕೌಂಟರಿನಲ್ಲಿ ಕುಳಿತ ನಾನು ಜವಾಬು ಕೊಡಬೇಕಾಗಿತ್ತು.

ಮೊದಲು ಕಡಿಮೆ ಬೆಲೆ ತೋರಿಸಿ ಕೊನೆಯಲ್ಲಿ ಒಂದೊಂದೇ ಶುಲ್ಕ ಸೇರಿಸುವ ಈ ರೂಢಿಗೆ ಡ್ರಿಪ್ ಪ್ರೈಸಿಂಗ್ ಎಂಬ ಹೆಸರಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯು ಪಟ್ಟಿ ಮಾಡಿರುವ 13 ಮೋಸದ ವಿಧಾನಗಳಲ್ಲಿ ಇದೂ ಒಂದು. ಅಮೆರಿಕದಲ್ಲಿ ದೊಡ್ಡ ಕಂಪನಿಗಳು ಮಾಸಿಕ ದರ, ಉಪಕರಣದ ಬಾಡಿಗೆ, ಒಮ್ಮೆ ಮಾತ್ರ ಕಟ್ಟುವ ಶುಲ್ಕ, ವೇಗ ಮತ್ತು ಡೇಟಾ ಮಿತಿಗಳನ್ನು ಆಹಾರದ ಪೊಟ್ಟಣದ ಮೇಲಿನ ಪಟ್ಟಿಯಂತೆ ಒಂದೇ ಕಡೆ ತೋರಿಸಬೇಕೆಂಬ ನಿಯಮ 2024ರ ಏಪ್ರಿಲ್ 10ರಿಂದ ಜಾರಿಗೆ ಬಂದಿದೆ.

ಅದೇ ಮಾದರಿಯಲ್ಲಿ ನಾನು ಕನ್ನಡದಲ್ಲಿ ಒಂದು ಚೀಟಿ ಸಿದ್ಧಪಡಿಸಿದೆ: ಮೊದಲ ದಿನ ಕಟ್ಟಬೇಕಾದುದೆಷ್ಟು, ತೆರಿಗೆ ಮತ್ತು ಬಾಡಿಗೆ ಸೇರಿ ಪ್ರತಿ ತಿಂಗಳು ಕೈಬಿಟ್ಟು ಹೋಗುವುದೆಷ್ಟು, ತಡವಾದರೆ ದಂಡವೆಷ್ಟು, 'ಅನ್‌ಲಿಮಿಟೆಡ್' ಎಂಬ ಪ್ಲಾನಿನಲ್ಲಿ ಎಷ್ಟು ಜಿಬಿಯ ನಂತರ ವೇಗ ಇಳಿಯುತ್ತದೆ. 707 ಎಂದು ಬರೆದರೆ ಗಿರಾಕಿಗಳು ಪಕ್ಕದವರ ಕಡೆ ಹೋಗುತ್ತಾರೆಂಬುದು ನಮ್ಮ ಮಾಲೀಕರ ಆತಂಕವಾಗಿತ್ತು. ಕೆಲವರು ಹೋದದ್ದೂ ನಿಜ. ಆದರೆ ಉಳಿದವರು ಚೀಟಿ ನೋಡಿ, ತಮ್ಮ ಬಳಿ ರೌಟರ್ ಇದ್ದರೆ ಅದನ್ನೇ ಬಳಸುತ್ತೇವೆಂದು ಮೊದಲೇ ಹೇಳತೊಡಗಿದರು. ಸಂಪರ್ಕ ಪಡೆಯುವ ಮುನ್ನ ಅವರಿಗೆ ಸಿಗಲೇಬೇಕಾಗಿದ್ದ ಆಯ್ಕೆ ಅದು.

ಮುಂದಿನ ತಿಂಗಳು ಬಿಲ್ಲು ಕಟ್ಟಲು ಬಂದ ಶಿಕ್ಷಕರಿಗೆ ಆ ಚೀಟಿ ತೋರಿಸಿದೆ. ಕನ್ನಡಕ ಸರಿಪಡಿಸಿಕೊಂಡು ಪೂರ್ತಿ ಓದಿ, ಕೊನೆಯ ಸಾಲಿನ ಕೆಳಗೆ ಬೆರಳಿಟ್ಟು, "ಡಿಪಾಜಿಟ್ ತಿರಗಿ ಯಾವಾಗ ಕೊಡ್ತೀರಿ ಅನ್ನೂದೂ ಇಲ್ಲೆ ಬರಿ" ಎಂದರು. ಈಗ ಆ ಸಾಲೂ ಅಲ್ಲಿದೆ.