ಕಸುಗದ ಕಾನಿನ ಅಂಚಿನಲ್ಲಿ ಅಮ್ಮನೊಂದಿಗೆ

ಜಪಾನಿನ ಒಂಬತ್ತು ದಿನಗಳ ಗುಂಪು ಪ್ರವಾಸದಲ್ಲಿ ನಾರಾ ನಗರಕ್ಕೆ ಮೀಸಲಾಗಿದ್ದುದು ಒಂದೇ ದಿನ. ನವೆಂಬರ್ ಕೊನೆಯ ವಾರದಲ್ಲಿ ಒಸಾಕಾದಿಂದ ಹೊರಟ ನಮ್ಮ ಬಸ್ಸು ನಾರಾ ಉದ್ಯಾನದ ಬಳಿ ನಿಂತಾಗ ಮೇಪಲ್ ಮರಗಳೆಲ್ಲ ಕುಂಕುಮದ ಬಣ್ಣಕ್ಕೆ ತಿರುಗಿದ್ದವು. ಇಪ್ಪತ್ತನಾಲ್ಕು ಮಂದಿಯ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು ನನ್ನ ಅಮ್ಮ. ಸಿದ್ದಾಪುರ ಸೀಮೆಯ ಹಳ್ಳಿಯಲ್ಲೇ ಬಾಳಿದ ಅವಳಿಗೆ ಇದು ಮೊದಲ ವಿದೇಶ ಪ್ರಯಾಣ.

ಇಳಿಯುತ್ತಿದ್ದಂತೆ ಜಿಂಕೆಗಳು ಸುತ್ತುವರಿದವು. ಇಲ್ಲಿ ಸಾವಿರಕ್ಕೂ ಹೆಚ್ಚು ಜಿಂಕೆಗಳು ಬೇಲಿಯಿಲ್ಲದೆ ಓಡಾಡಿಕೊಂಡಿವೆ. ಕಸುಗ ದೇಗುಲದ ದೇವರು ದೂರದ ಕಾಶಿಮಾದಿಂದ ಬಿಳಿ ಜಿಂಕೆಯನ್ನೇರಿ ಬಂದನೆಂಬ ನಂಬಿಕೆಯಿರುವುದರಿಂದ ಇವು ದೇವರ ದೂತರೆಂದು ಗೌರವ ಪಡೆದಿವೆ. ಗಂಡು ಜಿಂಕೆಗಳ ತಲೆಯ ಮೇಲೆ ಗರಗಸದಿಂದ ಕೊಯ್ದ ಕೊರಡಿನಂಥ ಮೋಟುಗಳಷ್ಟೇ ಇದ್ದವು. ಜನರಿಗೆ ತಿವಿಯದಿರಲೆಂದು ಶರತ್ಕಾಲದಲ್ಲಿ ಕೊಂಬು ಕತ್ತರಿಸುವ ಪದ್ಧತಿ 1672ರಿಂದ ನಡೆದುಬಂದಿದೆಯೆಂದೂ, ಬಲಿತ ಕೊಂಬಿನಲ್ಲಿ ರಕ್ತಸಂಚಾರ ನಿಂತಿರುವುದರಿಂದ ಅವಕ್ಕೆ ನೋವಾಗುವುದಿಲ್ಲವೆಂದೂ ಮಾರ್ಗದರ್ಶಿ ಹೇಳಿದರು. ಅಮ್ಮ ಚೀಲದಿಂದ ಬಾಳೆಹಣ್ಣು ತೆಗೆಯಹೋದಾಗ ಅವರು ನಯವಾಗಿ ತಡೆದು, ಜಿಂಕೆಗಳಿಗೆಂದೇ ಮಾರುವ ಬಿಲ್ಲೆಗಳನ್ನು ತೋರಿಸಿದರು. ಅವು ಅಕ್ಕಿ ತೌಡು ಮತ್ತು ಗೋಧಿ ಹಿಟ್ಟಿನಿಂದ ಮಾಡಿದವು; ಸಕ್ಕರೆ ಹಾಕಿರುವುದಿಲ್ಲ. “ತೌಡೇ ಆದರೆ ಒಳ್ಳೆಯದೇ ಬಿಡು, ಕೊಟ್ಟಿಗೆಯಲ್ಲಿ ನಾವು ಹಾಕುವುದೂ ಅದನ್ನೇ ಅಲ್ಲವೇ” ಎಂದ ಅಮ್ಮ ಬಿಲ್ಲೆಯೊಂದನ್ನು ಹಿಡಿದು ತಲೆ ಬಾಗಿಸಿದಳು. ಎದುರಿನ ಹೆಣ್ಣು ಜಿಂಕೆಯೂ ಕತ್ತು ತಗ್ಗಿಸಿ ಎತ್ತಿತು, ಮತ್ತೊಮ್ಮೆ ತಗ್ಗಿಸಿತು. ಬಿಲ್ಲೆ ಮುಗಿದ ಮೇಲೂ ಅದು ಸೆರಗಿನ ತುದಿ ಹಿಡಿದೆಳೆಯುತ್ತ ಸ್ವಲ್ಪ ದೂರ ಬಂತು.

ತೊದೈಜಿ ದೇವಾಲಯದಲ್ಲಿ ಸುಮಾರು 15 ಮೀಟರ್ ಎತ್ತರದ ಕಂಚಿನ ವೈರೋಚನ ಬುದ್ಧನ ಮುಂದೆ ನಿಂತಾಗ ನನಗೆ ಆ ಗಾತ್ರಕ್ಕಿಂತ ಹೆಚ್ಚಾಗಿ ತಟ್ಟಿದ್ದು ಆ ಕಣ್ಣುಗಳ ಕಥೆ. 752ರಲ್ಲಿ ಈ ಮೂರ್ತಿಯ ಕಣ್ಣು ತೆರೆಯುವ ವಿಧಿಯನ್ನು ನಡೆಸಿದವನು ಭಾರತದಿಂದ ಬಂದ ಭಿಕ್ಷು ಬೋಧಿಸೇನ. ಅವನು ಹಿಡಿದ ಕುಂಚಕ್ಕೆ ಉದ್ದನೆಯ ದಾರ ಕಟ್ಟಿ, ನೆರೆದವರೆಲ್ಲ ಅದನ್ನು ಹಿಡಿದು ಆ ಪುಣ್ಯದಲ್ಲಿ ಪಾಲುಗೊಂಡರಂತೆ. ಆ ಕುಂಚವೂ ನೀಲಿ ರೇಷ್ಮೆಯ ಆ ದಾರವೂ ದೇವಾಲಯದ ಹಿಂಭಾಗದ ಶೋಸೋಇನ್ ಭಂಡಾರದ ಸಂಗ್ರಹದಲ್ಲಿ ಇಂದಿಗೂ ಉಳಿದಿವೆ. ನಾನು ಇದನ್ನು ವಿವರಿಸಿದಾಗ ಅಮ್ಮ, “ನಮ್ಮಲ್ಲಿ ಪ್ರತಿಷ್ಠೆಯ ದಿನ ಮಾಡುವ ನೇತ್ರೋನ್ಮೀಲನವೇ ಅಲ್ಲವೇ ಇದು” ಎಂದು ಕೈಮುಗಿದು, ಬಹಳ ಹೊತ್ತು ಮೇಲೆ ನೋಡುತ್ತ ನಿಂತಳು. ಮೂರ್ತಿಯ ಹಿಂದೆ ನಿಂತಿರುವ ದಿಕ್ಪಾಲಕರಲ್ಲಿ ಒಬ್ಬನ ಸಂಸ್ಕೃತ ಹೆಸರು ವಿರೂಪಾಕ್ಷ, ಇನ್ನೊಬ್ಬನದು ವೈಶ್ರವಣ. ಹಂಪೆಯ ವಿರೂಪಾಕ್ಷನ ದರ್ಶನಕ್ಕೆ ಹಿಂದಿನ ವರ್ಷವಷ್ಟೇ ಹೋಗಿ ಬಂದಿದ್ದ ಅವಳಿಗೆ ಆ ಹೆಸರು ಅಲ್ಲಿ ಕಿವಿಗೆ ಬಿದ್ದದ್ದೇ ಸಂತೋಷ.

ಊಟದ ನಂತರ ಕಸುಗ ದೇಗುಲಕ್ಕೆ ನಮಗೆ ಸಿಕ್ಕಿದ್ದು ನಲವತ್ತು ನಿಮಿಷ ಮಾತ್ರ. ಇದು ಏನೇನೂ ಸಾಲದು ಎಂದು ನನಗೆ ಈಗಲೂ ಅನ್ನಿಸುತ್ತದೆ. ಪಾಚಿ ಹಿಡಿದ ಕಲ್ಲಿನ ದೀಪಸ್ತಂಭಗಳ ಸಾಲಿನ ನಡುವೆ ನಡೆದು, ಮರದ ಸೌಟಿನಿಂದ ಮೊದಲು ಎಡಗೈ, ಆಮೇಲೆ ಬಲಗೈ ತೊಳೆದು, ಬಾಯಿ ಮುಕ್ಕಳಿಸಿ ಒಳಗೆ ಹೋದೆವು. ಅಲ್ಲಿ ನೂರಾರು ವರ್ಷಗಳ, ಸುಗಿ ಎಂಬ ಜಪಾನಿ ಜಾತಿಯ ಮಹಾವೃಕ್ಷವೊಂದಿದೆ. ಅದರ ಬುಡದಿಂದ ಬೇರೆ ಜಾತಿಯ ಮರವೊಂದು ಓರೆಯಾಗಿ ಬೆಳೆದು ಪಕ್ಕದ ಕಟ್ಟಡದ ಮಾಡಿಗೆ ತಾಗಿದಾಗ, ಅಲ್ಲಿನವರು ಕೊಂಬೆಯನ್ನು ಕಡಿಯದೆ ಮಾಡಿನಲ್ಲೇ ಕಿಂಡಿ ಬಿಟ್ಟುಕೊಟ್ಟಿದ್ದಾರೆ. ಆ ಕಿಂಡಿಯಿಂದ ಮೇಲೆದ್ದ ಕಾಂಡವನ್ನು ಅಮ್ಮ ಕಂಬದ ಮರೆಯಿಂದ ಬಗ್ಗಿ ಬಗ್ಗಿ ನೋಡಿದಳು. ಮನೆ ಕಟ್ಟುವಾಗ ಅಂಗಳದ ಹಲಸಿನ ಮರವನ್ನು ಕಡಿಸಿದ ದಿನದ ಸಂಗತಿಯನ್ನು, ಇಷ್ಟು ವರ್ಷ ಆಡದಿದ್ದುದನ್ನು, ಅಲ್ಲಿ ನಿಂತು ಹೇಳಿದಳು.

ದೇಗುಲದ ಹಿಂದಿನ ಬೆಟ್ಟದಲ್ಲಿ 841ರಿಂದಲೇ ಬೇಟೆಗೂ ಮರ ಕಡಿಯುವುದಕ್ಕೂ ನಿಷೇಧವಿದೆ. 1998ರಲ್ಲಿ ಆ ಕಾಡು ದೇವಾಲಯಗಳ ಜೊತೆಗೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಾಡಿನ ಅಂಚಿನಲ್ಲಿ ನಿಂತಾಗ ಒದ್ದೆ ತರಗೆಲೆಯ ವಾಸನೆ, ತಂಪು, ಒಳಗೆಲ್ಲೋ ಒಂದು ಹಕ್ಕಿಯ ಕೂಗು. “ನಮ್ಮ ಕಾನಿನ ಹಾಗೇ ಇದೆ ಮಾರಾಯ. ಇವರೂ ದೇವರ ಹೆಸರು ಹೇಳಿಯೇ ಉಳಿಸಿಕೊಂಡಿದ್ದಾರೆ” ಎಂದಳು ಅಮ್ಮ. ಊರಿನ ಭೂತಪ್ಪನ ಕಾನಿನಲ್ಲಿ ಒಣಗಿದ ಕಡ್ಡಿಯನ್ನೂ ಮನೆಗೆ ತರದೆ ಬೆಳೆದವಳು ಅವಳು.

ಹಳದಿ ಬಾವುಟ ಹಿಡಿದ ಮಾರ್ಗದರ್ಶಿ ನಮ್ಮನ್ನು ಎಣಿಸಿಕೊಂಡು ಹೊರಟರು. ಕೆಂಪು ತೋರಣದ್ವಾರವನ್ನು ದಾಟಿದ ಮೇಲೆ ಅವರು ನಿಂತು, ಹಿಂದಿರುಗಿ ಕಾಡಿನ ಕಡೆಗೆ ಮುಖ ಮಾಡಿ ಸೊಂಟದಿಂದ ಬಾಗಿ ವಂದಿಸಿದರು. ಹಾಗೆ ಮಾಡಿರೆಂದು ನಮಗೆ ಹೇಳಲಿಲ್ಲ. ಅಮ್ಮ ಚಪ್ಪಲಿ ಕಳಚಿ, ತಣ್ಣಗಿನ ನೆಲದ ಮೇಲೆ ನಿಂತು ಕೈಮುಗಿದಳು. ಬಸ್ಸಿಗೆ ತಡವಾಗುತ್ತಿದ್ದರೂ ಅವಳು ಕಣ್ಣು ತೆರೆಯುವವರೆಗೆ ಯಾರೂ ಕರೆಯಲಿಲ್ಲ.